ಅಟ್ಟುಂಬೊಳ ಚೆಂದ ಹೇಳುವವಕ್ಕೆ

“ನಿಂಗಳ ಹಳೆ ಅಟ್ಟುಂಬೊಳ ಎಷ್ಟು ಚೆಂದ! ಇದರ ಮಾಂತ್ರ ಒಡವಲಾಗ, ಆತೋ?” ಹೇಳುವವು ಎಲ್ಲಿ ನಿಂದೊಂಡು ಹಾಂಗೆ ಹೇಳ್ತವು ಹೇಳಿ ಒಂದರಿ ಸರಿ ನೋಡಿ, ಅಕ್ಕಂದ್ರೇ. ಬಾಗಿಲ ದಾರಂದದ ಹತ್ತರೆ. ಒಂದು ಕಾಲು ನಡುಕೋಣೆಲಿ, ಒಂದು ಕಾಲು ಹೊಸ್ತಿಲ ಮೇಲೆ, ಕೈಲಿ ಮೊಬೈಲು. ಹೊಗೆ ಕಣ್ಣಿಂಗೆ ಬಡುದಪ್ಪಗ ಎರಡು ಹೆಜ್ಜೆ ಹಿಂದೆ ಹೋವ್ತವು. ಒಲೆಯ ಬುಡಲ್ಲಿ ಕುಕ್ಕುರು ಕೂದು, ಚೆಂಡಿ ಸೌದಿಗೆ ಕಿಚ್ಚು ಊದಿಗೊಂಡು “ಆಹಾ, ಎಂತ ಚೆಂದ” ಹೇಳಿದವರ ಆನು ಇಷ್ಟರವರೆಗೆ ಕಂಡಿದಿಲ್ಲೆ.

ಈಗ ಅವಕ್ಕೆ ಹಾಲೆಂಡಿನ ಬಲವುದೆ ಸಿಕ್ಕಿದ್ದು. ಕುಟುಂಬದ ವಾಟ್ಸಪ್ಪು ಗುಂಪಿಲಿ ಒಂದು ಪಟ ಬಂದದು ನಿಂಗಳುದೆ ನೋಡಿಕ್ಕು. ಎಡದ ಹೊಡೆಲಿ ನಮ್ಮ ಹೊಡೆಯಾಣ ಒಂದು ಹಳೆ ಮನೆಯ ಕರಿ ಹಿಡುದ ಗೋಡೆ, ಒಂದು ಅಜ್ಜಿ, ಹಾಲಿನ ಪಾತ್ರೆ. ಬಲದ ಹೊಡೆಲಿ ವರ್ಮೀರ್ ಹೇಳ್ತ ಡಚ್ ಕಲಾವಿದ ಬರದ ಹಾಲೆರವ ಕೆಲಸದ ಕೂಸು. ಅಡಿಲಿ ‘ಸರಳ ಬದುಕಿನ ಸೌಂದರ್ಯ’ ಹೇಳಿ ಒಂದು ಗೆರೆ. ಅದಕ್ಕೆ ಕೈಮುಗುದವು ಎಷ್ಟು, ಕೆಂಪು ಹೃದಯ ಒತ್ತಿದವು ಎಷ್ಟು! ಹೆಚ್ಚಿನವು ಗೆಂಡುಮಕ್ಕೊ. ಅದರಲ್ಲಿಯುದೆ ಸುಮಾರು ಜೆನ ಬೆಂಗಳೂರಿಲಿ ಮಾಡ್ಯುಲರ್ ಕಿಚನಿಂಗೆ ಬ್ಯಾಂಕಿಲಿ ಸಾಲ ಮಾಡಿದವು.

ನೆಗೆ ಮಾಡಿ ಬಿಡುವ ಸಂಗತಿ ಆಗಿದ್ದರೆ ಆನು ಇಷ್ಟು ಬರವಲೆ ಹೆರಡ್ತಿತ್ತಿಲ್ಲೆ. ಆದರೆ ಆ ಪಟ ಒಂದು ಮನೆಲಿ ಕೆಲಸ ಮಾಡಿತ್ತು. ನರಿಕೊಂಬಿಂದ ತುಂಬ ದೂರ ಎಂತ ಅಲ್ಲ, ನೆಂಟ್ರ ಪೈಕಿಯೇ. ಹೆಸರು ಬೇಡ. ಆ ಮನೆಯ ಸೊಸೆ ಹದ್ನಾರು ವರ್ಷಂದ ಅದೇ ಅಟ್ಟುಂಬೊಳಲ್ಲಿ ಬೇಶಿ ಬಡುಸಿಗೊಂಡು ಬಯಿಂದು. ಮೊಳಪ್ಪು ಬೇನೆ, ಉದಿಯಪ್ಪಗ ಸೆಮ್ಮ. ಅದು ಕೇಳಿದ್ದು ಎರಡೇ ಎರಡು: ಮೂಡ ಹೊಡೆಯಾಣ ಗೋಡೆಲಿ ಒಂದು ಕಿಟಿಕಿ, ನಿಂದೊಂಡು ಕೊರವಲೆ ಬೇಶುಲೆ ಅಪ್ಪ ಹಾಂಗೆ ಸೊಂಟದೆತ್ತರಕ್ಕೆ ಒಂದು ಕಟ್ಟೆ. ಮನೆಯವು ಚಾವಡಿಲಿ ಕೂದು ಮಾತಾಡಿದವು. “ಅಜ್ಜನ ಕಾಲದ ಅಟ್ಟುಂಬೊಳ, ಪರಂಪರೆ ಅಲ್ಲದೋ, ಈಗ ಹೀಂಗಿಪ್ಪದು ಎಲ್ಲಿ ಕಾಂಬಲೆ ಸಿಕ್ಕುತ್ತು” ಹೇಳಿ ಹೇಳಿ ಅದೇ ಪಟವ ಮೊಬೈಲಿಲಿ ತೋರ್ಸಿದವಡ.

ಅವು ಕೂದು ಮಾತಾಡಿದ ಚಾವಡಿಯ ಕಥೆ ಕೇಳಿ. ಕೆಂಪು ಕಾವಿಯ ನೆಲವ ಒಕ್ಕಿ, ಮೋರೆ ಕಾಂಬ ಹಾಂಗಿಪ್ಪ ಟೈಲ್ಸು ಹಾಕಿ ಹತ್ತು ವರ್ಷ ಆತು. ಜೆಗಿಲಿಗೆ ಕಬ್ಬಿಣದ ಗ್ರಿಲ್ಲು ಬಂತು. ಮಾವಂಗೆ ಮೊಳಪ್ಪು ಬೇನೆ ಹೇಳಿ ಕೂಬ ನಮುನೆಯ ಹೊಸ ಪಾಯಿಖಾನೆ ಆತು, ಆಯೆಕ್ಕಾದ್ದೇ. ಅಂಬಗ ಪರಂಪರೆಯ ಹೆಸರು ಆರೂ ಎತ್ತಿದ್ದವಿಲ್ಲೆ. ಮನೆಯ ಪರಂಪರೆ ಪೂರ ಹೊರುದು ಒಲೆಯ ಬುಡಲ್ಲಿಪ್ಪವರ ಕೆಲಸ ಆಗಿ ಒಳುದ್ದು.

ಹಾಂಗಾರೆ ಆ ಡಚ್ ಚಿತ್ರವನ್ನೇ ರಜ್ಜ ಸರಿಯಾಗಿ ನೋಡುವೊ.

ವರ್ಮೀರ್ ಡೆಲ್ಫ್ಟ್ ಹೇಳ್ತ ಪೇಟೆಯ ಜೆನ, 1632ರಲ್ಲಿ ಹುಟ್ಟಿ 1675ರಲ್ಲಿ ತೀರಿಹೋದವ. ಹಾಲೆರವ ಚಿತ್ರ 1660ರ ಆಸುಪಾಸಿಂದು. ಈಗ ಆಂಸ್ಟರ್ಡ್ಯಾಮಿನ ರೈಕ್ಸ್ ಮ್ಯೂಸಿಯಮಿಲಿ ಇದ್ದು. ದೊಡ್ಡ ಚಿತ್ರ ಹೇಳಿ ಗ್ರೇಶೆಡಿ, ಎತ್ತರ 45.5 ಸೆಂಟಿಮೀಟರು, ಅಗಲ 41. ನಮ್ಮ ದೇವರೊಳಾಣ ಪಟಂಗಳ ಹಾಂಗೆ. ಮಣ್ಣಿನ ಪಾತ್ರೆಂದ ಮಣ್ಣಿನ ಪಾತ್ರೆಗೆ ಹಾಲು ಬೀಳ್ತು. ಮೇಜಿಲಿ ರೊಟ್ಟಿ. ಬೆಳಿ ಗೋಡೆಲಿ ಆಣಿ ಹೊಡದು ಕಿತ್ತ ಒಟ್ಟೆಗೊ. ಕಿಟಿಕಿಯ ಒಂದು ಗಾಜು ಒಡದ್ದು. ನೆಲಲ್ಲಿ ಕಾಲು ಬೆಶಿ ಮಾಡ್ಲೆ ಕೆಂಡ ಮಡಗುವ ಸಣ್ಣ ಪೆಟ್ಟಿಗೆ. ಆ ಕೂಸಿನ ನೀಲಿ ಏಪ್ರನಿಂಗೆ ಹಾಕಿದ ಬಣ್ಣ ಅಫ್ಘಾನಿಸ್ತಾನದ ಕಲ್ಲಿನ ಅರದು ಮಾಡಿದ್ದು, ಅಂದ್ರಾಣ ಕಾಲಲ್ಲಿ ಭಾರೀ ಕ್ರಯದ್ದು. ಕೆಲಸದ ಕೂಸಿನ ಏಪ್ರನಿಂಗೆ ಅಷ್ಟು ಕ್ರಯದ ಬಣ್ಣ ಎರದ ಜೆನವ ಆನು ಬೈತ್ತಿಲ್ಲೆ. ಚಿತ್ರ ಚೆಂದ ಇಲ್ಲೆ ಹೇಳಿಯೂ ಹೇಳ್ತಿಲ್ಲೆ. ಆ ಹಾಲಿನ ನೂಲಿನ ಹಾಂಗಿದ್ದ ಧಾರೆ ನೋಡಿಗೊಂಡು ಎಷ್ಟು ಹೊತ್ತೂ ಕೂಬಲಕ್ಕು.

ಆದರೆ ಅಟ್ಟುಂಬೊಳಲ್ಲಿ ಕೆಲಸ ಮಾಡಿ ಗೊಂತಿಪ್ಪವರ ಕಣ್ಣಿಂಗೆ ಅಲ್ಲಿ ಸುರೂವಿಂಗೆ ಕಾಂಬದು ಎಂತರ? ಅದರ ಎಡದ ಹೊಡೆಲಿ ಒಂದು ದೊಡ್ಡ ಕಿಟಿಕಿ ಇದ್ದು. ಅದು ನಿಂದೊಂಡು ಕೆಲಸ ಮಾಡ್ತು. ಎದುರು ಸೊಂಟದೆತ್ತರಕ್ಕೆ ಮೇಜು ಇದ್ದು. ಕಿಟಿಕಿಯುದೆ ಕಟ್ಟೆಯುದೆ! ಸೊಸೆ ಕೇಳಿದ್ದು ಅದೇ ಎರಡರ. ಆ ಚಿತ್ರವ ತೋರ್ಸಿ, ಆ ಚಿತ್ರಲ್ಲಿಪ್ಪದರ ಕೊಡ್ತಿಲ್ಲೆ ಹೇಳಿದವು. ಇದಕ್ಕೆ ಎಂತ ಹೇಳೆಕ್ಕು ನಿಂಗಳೇ ಹೇಳಿ. ವರ್ಮೀರ್ ನಮ್ಮ ಆ ಅಟ್ಟುಂಬೊಳಂಗೆ ಬಂದಿದ್ದರೆ ಮಧ್ಯಾಹ್ನ ಹನ್ನೆರಡು ಗಂಟೆಗುದೆ ಬಣ್ಣದ ಪೆಟ್ಟಿಗೆ ಬಿಡುಸುಲೆ ಎಡಿತ್ತಿತ್ತಿಲ್ಲೆ, ಅಷ್ಟು ಕಸ್ತಲೆ.

ಇನ್ನೊಂದು ಸಂಗತಿ ಇದ್ದು, ಇದು ಎನ್ನ ಮನಸ್ಸಿಂಗೆ ತುಂಬ ಹಿಡುದ್ದು. 2022ರಲ್ಲಿ ಆ ಮ್ಯೂಸಿಯಮಿನವು ಯಂತ್ರ ಮಡಗಿ ಚಿತ್ರದ ಬಣ್ಣದ ಅಡಿಯಾಣ ಪದರವ ನೋಡಿದವು. ಕೂಸಿನ ತಲೆಯ ಹಿಂದೆ ಪಾತ್ರೆ ನೇಲುಸುವ ಒಂದು ಹಲಗೆ, ಕೆಳ ಒಂದು ನೇಯ್ದ ಹೆಡಗೆ ಕಂಡತ್ತು. ಎರಡರನ್ನೂ ಕಲಾವಿದನೇ ಮದಲು ಬರದು, ಮತ್ತೆ ಬಣ್ಣ ಬಳುದು ಮುಚ್ಚಿದ್ದ. ಹೆಡಗೆ ಎಂತಕೆ ಇಪ್ಪದು ಗೊಂತಿದ್ದೋ? ಒಳ ಕೆಂಡದ ಪಾತ್ರೆ ಮಡಗಿ, ಹುಟ್ಟಿದ ಶಿಶುವಿನ ಬೆಶ್ಚಂಗೆ ಮಡಗುಲೆ, ಮಕ್ಕಳ ಚೆಂಡಿ ವಸ್ತ್ರ ಒಣಗುಸುಲೆ. ಇದರ ನವಗೆ ಆರೂ ವಿವರುಸೆಕ್ಕು ಹೇಳಿ ಇಲ್ಲೆ. ಆಟಿಯ ಮಳೆಲಿ ಕೆಂಡದ ಮೇಲೆ ಹೆಡಗೆ ಕವುಂಚಿ ಮಡಗಿ, ಅದರ ಮೇಲೆ ವಸ್ತ್ರ ಹರಗಿ, ಸುಟ್ಟು ಹೋಗದ್ದ ಹಾಂಗೆ ಕಾದು ಕೂದ ಅಜ್ಜಿಯಕ್ಕೊ ನಮ್ಮ ಪ್ರತಿಯೊಂದು ಮನೆಲಿಯುದೆ ಇತ್ತಿದ್ದವು. ಅದರ ತೆಗದು ಅಲ್ಲಿ ಬೆಳಿ ಗೋಡೆ ಮಾಡಿದ್ದ. ಚಿತ್ರಕ್ಕೆ ಅದು ಒಳ್ಳೆದಾತು, ಒಪ್ಪುತ್ತೆ. ಆದರೆ ‘ಸರಳ ಬದುಕು’ ಹೇಳುವಗ ಅಳಿಶಿ ಹೋದ್ದು ಎಂತರ ಹೇಳಿ ಗೊಂತಿರೆಕ್ಕು: ಮಕ್ಕಳ ಉಚ್ಚೆ ವಸ್ತ್ರ.

ಮಕ್ಕೊ ಅಳಿಶಿ ಹೋದ್ದು ಅದೊಂದೇ ಚಿತ್ರಲ್ಲಿ ಅಲ್ಲ. ವರ್ಮೀರನ ಹೆಂಡತಿ ಕೆಥರೀನಾ ಬೋಲ್ನೆಸ್ ಹೆತ್ತದು ಹದಿನೈದು, ನಾಲ್ಕು ಸಣ್ಣಾದಿಪ್ಪಗಳೇ ಹೋದವು, ಹನ್ನೊಂದು ಒಳುದವು. ಅವನ ಚಿತ್ರ ಈಗ ಸಿಕ್ಕುದು ಸುಮಾರು ಮೂವತ್ತೈದು, ಹೆಚ್ಚಿಂದು ಮನೆಯೊಳಾಣದ್ದು. ಆ ಕೋಣೆಗಳಲ್ಲಿ ಒಂದೇ ಒಂದು ಮಗು ಇಲ್ಲೆ! ಬೀದಿಯ ಒಂದು ಚಿತ್ರಲ್ಲಿ ಮಾಂತ್ರ ಮನೆ ಎದುರು ಎರಡು ಮಕ್ಕೊ ಆಡಿಗೊಂಡಿದ್ದವು. ಕಲೆ ಗೊಂತಿಪ್ಪವು ಆ ಕೋಣೆಗಳ ಮೌನವ ಹೊಗಳಿ ಮುಗಿತ್ತಿಲ್ಲೆ. ಹನ್ನೊಂದು ಮಕ್ಕೊ ಇಪ್ಪ ಮನೆಲಿ ಮೌನ ತನ್ನಷ್ಟಕ್ಕೆ ಬತ್ತೋ ಅಕ್ಕಂದ್ರೇ? ಆರೋ ಅವರ ಇನ್ನೊಂದು ಹೊಡೆಲಿ ಹಿಡುದು ಮಡಗಿಪ್ಪಗ ಬತ್ತು. ಹಾಂಗೆ ಹಿಡುದು ಮಡಗಿದವರ ಹೆಸರು ಚಿತ್ರದ ಮೂಲೆಲಿ ಇರ್ತಿಲ್ಲೆ.

ಅವ ತೀರಿಹೋದಪ್ಪಗ ಸಾಲ. 1676ರ ಜನವರಿಲಿ ಕೆಥರೀನಾ ರೊಟ್ಟಿ ಅಂಗಡಿಯವಂಗೆ ಎರಡು ಚಿತ್ರ ಕೊಟ್ಟತ್ತು. 617 ಗಿಲ್ಡರು ಸಾಲ ಇತ್ತು, ರೊಟ್ಟಿಯ ಲೆಕ್ಕಲ್ಲಿ. ಹಾಲೆರವ ಚಿತ್ರ 1696ರ ಏಲಲ್ಲಿ ಹೋದ್ದು 175 ಗಿಲ್ಡರಿಂಗೆ. ಮೇಜಿಲಿ ಅಷ್ಟು ಚೆಂದಕ್ಕೆ ರೊಟ್ಟಿ ಬರದ ಮನೆಯ ರೊಟ್ಟಿಯ ಲೆಕ್ಕ ಇದು. ಇದರ ಆರೂ ವಾಟ್ಸಪ್ಪಿಲಿ ಹಾಕುತ್ತವಿಲ್ಲೆ. (ಇನ್ನೊಂದು, ಸುಮ್ಮನೆ ನೆಂಪಿಂಗೆ ಹೇಳಿ ಹೇಳುದು: ಅದೇ ಶತಮಾನಲ್ಲಿ ಡಚ್ಚರ ಹಡಗುಗೊ ನಮ್ಮ ಕರಾವಳಿಗೆ ಬಂದೊಂಡಿತ್ತಿದ್ದವು, ಬಸರೂರಿಲಿ ಅವರ ಕೋಠಿಯೇ ಇತ್ತು. ಇಲ್ಲಿಂದ ಅಕ್ಕಿ, ಗೆಣಮೆಣಸು ಹೋತು. ಹಾಲೆಂಡಿನ ಅಟ್ಟುಂಬೊಳಕ್ಕೂ ನವಗೂ ಸಮ್ಮಂದ ವಾಟ್ಸಪ್ಪಿಲಿ ಸುರುವಾದ್ದಲ್ಲ.)

ಡಚ್ಚರೆಲ್ಲ ಮಕ್ಕಳ ಅಳಿಶಿದವು ಹೇಳಿರೆ ಲೊಟ್ಟೆ ಅಕ್ಕು. ಪೀಟರ್ ಡ ಹೋಖ್ ಹೇಳ್ತವ, ಅವನುದೆ ಡೆಲ್ಫ್ಟಿಲಿ ಇದ್ದವನೇ, ಒಂದು ಅಬ್ಬೆ ಮಗಳ ತಲೆಯ ಹೇನು ಹೆರ್ಕುದರ ಬರದ್ದ. ಮಗು ಮೊಳಪ್ಪೂರಿ ಅಬ್ಬೆಯ ಮಡಿಲಿಲಿ ತಲೆ ಮಡಗಿದ್ದು, ಹಿಂದೆ ಗೋಡೆಯೊಳ ಮಂಚ, ಆಚ ಬಾಗಿಲಿಂದ ಬೆಶಿಲು. ಎನಗೆ ಹಾಲೆರವದರಿಂದ ಇದು ಒಂದು ತೂಕ ಹೆಚ್ಚು. ಹೊತ್ತೋಪಗ ಜೆಗಿಲಿಲಿ ಕೂದು ಹೇನು ನೋಡಿದ ಏವ ಅಬ್ಬೆಯೂ ಆ ಕುತ್ತಿಗೆ ಬಗ್ಗಿದ್ದರ ಗುರ್ತ ಹಿಡಿಗು. ಯಾನ್ ಸ್ಟೇನ್ ಹೇಳ್ತವಂದು ಇನ್ನೂ ಗಮ್ಮತ್ತು. ಅವನ ಮನೆಗಳಲ್ಲಿ ಪಾತ್ರೆ ನೆಲಲ್ಲಿ, ಮಕ್ಕೊ ಮೇಜಿನ ಮೇಲೆ, ನಾಯಿ ಊಟಕ್ಕೆ ಬಾಯಿ ಹಾಕುದು. ಅಲ್ಯಾಣವು ಇಂದಿಂಗೂ ಅಸ್ತವ್ಯಸ್ತ ಇಪ್ಪ ಮನೆಗೆ ‘ಯಾನ್ ಸ್ಟೇನನ ಮನೆ’ ಹೇಳಿಯೇ ಹೇಳುದಡ. ಆ ಚಿತ್ರವ ಆರೂ ನಮ್ಮ ಅಜ್ಜಿಯ ಹತ್ತರೆ ಮಡಗಿ ಹೋಲುಸುತ್ತವಿಲ್ಲೆ, ನೋಡಿ. ಹೋಲುಸುಲೆ ಬೇಕಾದ್ದು ಮಾತಾಡದ್ದ, ದಣಿಯದ್ದ, ತಲೆ ಬಗ್ಗುಸಿ ಹಾಲು ಎರವ ಹೆಂಗಸು ಮಾಂತ್ರ.

ದಣುದರೆ ಎಂತಕ್ಕು ಹೇಳುದಕ್ಕುದೆ ಚಿತ್ರ ಇದ್ದು. ನಿಕೊಲಾಸ್ ಮಾಸ್ 1655ರಲ್ಲಿ ಬರದ್ದು, ಈಗ ಲಂಡನಿನ ನ್ಯಾಶನಲ್ ಗ್ಯಾಲರಿಲಿ ಇದ್ದು. ಕೆಲಸದ ಕೂಸು ಗಲ್ಲಕ್ಕೆ ಕೈ ಕೊಟ್ಟು ಒರಗಿದ್ದು. ಪಾತ್ರಂಗೊ ನೆಲಲ್ಲಿ ಹರಡಿದ್ದು. ಪುಚ್ಚೆ ಹಿಂದಂದ ಮಾಂಸ ಕದ್ದೊಂಡಿದ್ದು. ಮನೆ ಯಜಮಾನ್ತಿ ನಮ್ಮ ಹೊಡೆಂಗೆ ನೋಡಿ ಕೈ ತೋರ್ಸಿ ನೆಗೆ ಮಾಡ್ತು: ನೋಡಿ ಇದರ ಸೋಮಾರಿತನವ! ಅದು ಉದಿಯಪ್ಪಗ ಎಷ್ಟು ಗಂಟೆಗೆ ಎದ್ದದು ಹೇಳಿ ಯಜಮಾನ್ತಿಯೂ ಹೇಳ್ತಿಲ್ಲೆ, ಕಲಾವಿದನೂ ಹೇಳ್ತಿಲ್ಲೆ. ನಮ್ಮ ಮನೆಗೊಕ್ಕೆ ಪಾತ್ರೆ ತೊಳವಲೆ ಜಾಲು ಉಡುಗುಲೆ ಬಪ್ಪವು ರಜ್ಜ ಕೂದಪ್ಪಗ ನಾವುದೆ ಕೈ ತೋರ್ಸುದು ಹೀಂಗೇ. ಗೆಂಡುಮಕ್ಕಳ ಬೈವಗ ಇದನ್ನೂ ಬಿಡ್ಲಾಗ.

ಒಳಂದ ನೋಡಿ ಬರದ ಹೆಮ್ಮಕ್ಕೊ ಅಲ್ಲಿ ಇತ್ತಿದ್ದವಿಲ್ಲೆಯೋ ಕೇಳಿರೆ, ಇತ್ತಿದ್ದವು. ಜೂಡಿತ್ ಲೇಸ್ಟರ್. 1633ರಲ್ಲಿ ಹಾರ್ಲೆಮಿನ ಚಿತ್ರಕಾರರ ಸಂಘಕ್ಕೆ ಸೇರಿದವು. 1631ರ ಒಂದು ಚಿತ್ರಲ್ಲಿ ಒಂದು ಹೆಂಗಸು ದೀಪದ ಬೆಣಚ್ಚಿಲಿ ಹೊಲಿಗೆ ಮಾಡ್ತಾ ಇದ್ದು. ಒಬ್ಬ ಗೆಂಡು ಹೆಗಲಿಂಗೆ ಕೈ ಮಡಗಿ, ಅಂಗೈಲಿ ಪೈಸೆ ಹಿಡುದು ಬಗ್ಗಿದ್ದ. ಅದು ಸೂಜಿಂದ ಕಣ್ಣು ತೆಗೆತ್ತಿಲ್ಲೆ! ಆ ಹೊಲಿಗೆ ಕಾಂಬಲೆ ಚೆಂದ ಹೇಳಿ ಬರದ್ದಲ್ಲ, ಅದು ಅದರ ಉತ್ತರ. ಇಂಥಾ ಕೈ ಇಪ್ಪ ಜೆನ 1636ರಲ್ಲಿ ಮದುವೆ ಆದ ಮತ್ತೆ ಬರದ್ದು ಬಹಳ ಕಮ್ಮಿ. ಅವರ ಚಿತ್ರಂಗೊಕ್ಕೆ ಫ್ರಾನ್ಸ್ ಹಾಲ್ಸ್ ಹೇಳ್ತ ಗೆಂಡಿನ ಹೆಸರು ಅಂಟಿ, 1893ರವರೆಗೆ ಹಾಂಗೇ ಒಳುದತ್ತು. ಮತ್ತೆ ಒಬ್ಬ ಪಂಡಿತ ನಕ್ಷತ್ರ ಹಾಕಿದ ಅವರ ರುಜುವಿನ ಗುರ್ತ ಹಿಡುದ. ನಮ್ಮ ಕರಾವಳಿಲಿ ಅಟ್ಟುಂಬೊಳವ ಒಳಂದ ನೋಡಿ ಬರದ್ದು ವೈದೇಹಿ, ಬಣ್ಣಲ್ಲಿ ಅಲ್ಲ, ಕಥೆಲಿ. 2009ರಲ್ಲಿ ಅವರ ‘ಕ್ರೌಂಚ ಪಕ್ಷಿಗಳು’ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಓದಿ. ಅಲ್ಲಿ ಅಟ್ಟುಂಬೊಳಲ್ಲಿ ಮಾತು ಇದ್ದು, ಪಿಸುರು ಇದ್ದು.

ಇನ್ನು ನಮ್ಮ ಗೋಡೆಗಳ ನೋಡುವೊ. 1894ರಲ್ಲಿ ರಾಜಾ ರವಿವರ್ಮ ಬೊಂಬಾಯಿಲಿ ಅಚ್ಚುಕೂಟ ಸುರು ಮಾಡಿದ ಮೇಲೆ ಲಕ್ಷ್ಮಿ, ಸರಸ್ವತಿ ಮನೆಮನೆಗೆ ಬಂದವು. ಅವರ ಸೀರೆಯ ಸೆರಗಿಲಿ ಒಂದು ಮಸಿಯ ಕಲೆ ಇಲ್ಲೆ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವು ದೀಪ ಹಿಡುದ ಹೆಂಗಸಿನ ಚಿತ್ರ ನೋಡಿಪ್ಪಿ. ರವಿವರ್ಮಂದು ಹೇಳಿ ಸುಮಾರು ಜೆನ ಗ್ರೇಶಿದ್ದವು. ಅಲ್ಲ, ಅದು ಹಳದಣಕರ್ 1945ರ ಹೊತ್ತಿಂಗೆ ಜಲವರ್ಣಲ್ಲಿ ಬರದ್ದು, ಮಗಳನ್ನೇ ನಿಲ್ಸಿ. ಬೆರಳೆಡೆಂದ ಬೆಣಚ್ಚು ಬಪ್ಪದರ ನೋಡಿ ಬಾಯಿ ಬಿಟ್ಟು ನಿಂದವರಲ್ಲಿ ಆನುದೆ ಒಬ್ಬ. ಆದರೆ ಅಲ್ಲಿ ಮನೆ ಹೇಳ್ತದು ಎಲ್ಲಿದ್ದು? ಹಿಂದೆ ಗೋಡೆ, ಅದರಲ್ಲಿ ಅದರದ್ದೇ ನೆರಳು. ಡಚ್ಚರ ಹೆಂಗಸಿಂಗೆ ಬೆಣಚ್ಚು ಕಿಟಿಕಿಂದ ಬತ್ತು. ನಮ್ಮದು ಅದರ ಕೈಲಿ ಹಿಡುಕ್ಕೊಂಡು ನಿಲ್ಲೆಕ್ಕು.

ನಮ್ಮ ಅಟ್ಟುಂಬೊಳಂಗೊಕ್ಕೆ ಬೆಣಚ್ಚು ಬಂದದು ಚಿತ್ರಂದ ಅಲ್ಲ, ಹಂಚಿಂದ. 1865ರಲ್ಲಿ ಮಂಗಳೂರಿಲಿ ಬಾಸೆಲ್ ಮಿಶನಿನವು ಹಂಚಿನ ಕಾರ್ಖಾನೆ ಹಾಕಿದವು, ಮಣ್ಣು ನಮ್ಮ ನೇತ್ರಾವತಿ ಹೊಡೆಯಾಣದ್ದೇ. ಮುಳಿ ಹೊದೆಶಿದ ಮಾಡು ಹೋಗಿ ಹಂಚು ಬಂದಪ್ಪಗ, ಎಡಕ್ಕಿಲಿ ಒಂದು ಗಾಜಿನ ಹಂಚು ಮಡಗುಲೆ ಎಡಿಗಾತು. ಉದಿಯಪ್ಪಗಾಣ ಹತ್ತು ಗಂಟೆಗೆ ಆ ಒಂದು ಹಂಚಿಂದ ಬೆಶಿಲಿನ ಕೋಲು ಹೊಗೆಯ ಒಡದು ಇಳುದು, ಅಕ್ಕಿ ಗೇರುವ ತಡ್ಪೆಯ ಮೇಲೆ ಬೀಳುಗು. ಅದರ ಆರಾರು ಬರದಿದ್ದರೆ ನಮ್ಮಲ್ಲಿಯುದೆ ಒಂದು ವರ್ಮೀರು ಆವ್ತಿತ್ತು. ಆದರೆ ಆ ಗಾಜಿನ ಹಂಚು ಮಡಗುವಗ ಅದುದೆ ಹೊಸತ್ತೇ ಅಲ್ಲದೋ? ಆ ಕಾಲದ ಅಜ್ಜ “ಪರಂಪರೆ ಹಾಳಾವ್ತು, ಕಸ್ತಲೆಯೇ ಇರಳಿ” ಹೇಳಿದ್ದಿದ್ದರೆ? ಈಗ ‘ಹಳತ್ತು’ ಹೇಳಿ ಪಟ ತೆಗವದರಲ್ಲಿ ಅರ್ಧಕ್ಕರ್ಧ ಆರೋ ಒಬ್ಬ ಅಜ್ಜಿ ಹಟ ಹಿಡುದು ಮಾಡ್ಸಿದ ಹೊಸತ್ತು.

“ಹೊಗೆ ಇದ್ದರೇ ಪಕ್ಕಾಸು, ರೀಪು ಒಳಿವದು, ಹುಳ ಹಿಡಿತ್ತಿಲ್ಲೆ” ಹೇಳುವವು ಇದ್ದವು. ಸತ್ಯ. ಹುಳುವಿಂಗೆ ಎಣ್ಣೆ ಬಳುದರುದೆ ಆವುತ್ತು. ಪಕ್ಕಾಸಿನ ಒಳಿಶುಲೆ ಹೆಮ್ಮಕ್ಕಳ ಪುಪ್ಪುಸ ಕೊಡೆಕ್ಕು ಹೇಳುವ ಲೆಕ್ಕ ಏವ ಶಾಸ್ತ್ರದ್ದು? “ಸೌದಿ ಒಲೆಯ ಮೇಲಾರದ ರುಚಿ ಗ್ಯಾಸಿಲಿ ಇಲ್ಲೆ.” ಅದುದೆ ಸತ್ಯ, ಮಣ್ಣಿನ ಅಳಗೆಲಿ ಕೊದುದ ಹುಳಿಯ ರುಚಿ ಎನಗುದೆ ಗೊಂತಿದ್ದು. ರುಚಿ ಬೇಕಾದವು ಬಂದು ಕಿಚ್ಚು ಊದಲಿ. ಎಂಗಳಲ್ಲಿ ಭತ್ತ ಬೇಶುಲೆ ಹೆರ ಒಂದು ಸೌದಿ ಒಲೆ ಇದ್ದು, ಬಾಗಿಲು ಹಾಕಿದ್ದಿಲ್ಲೆ.

ಹೊಗೆಯ ಹೆರ ಕಳುಸುದು ಹೇಂಗೆ ಹೇಳಿ ಕೂದು ತಲೆ ಖರ್ಚು ಮಾಡಿದವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಲಿ ಇತ್ತಿದ್ದವು. 1974ರಲ್ಲಿ ಅಲ್ಲಿ ಹಳ್ಳಿಗೊಕ್ಕೆ ಬೇಕಾದ ತಂತ್ರಜ್ಞಾನಕ್ಕೆ ‘ಅಸ್ತ್ರ’ ಹೇಳ್ತ ಒಂದು ಘಟಕ ಸುರುವಾತು. 1980ರ ದಶಕಲ್ಲಿ ಅವು ಮಾಡಿದ ಅಸ್ತ್ರ ಒಲೆ ಹೇಳಿರೆ ಮೂರು ಪಾತ್ರೆ ಒಟ್ಟಿಂಗೆ ಮಡಗುಲೆ ಅಪ್ಪ, ಹೊಗೆ ಕೊಳವೆ ಇಪ್ಪ ಒಲೆ. ಸೌದಿ ಕಮ್ಮಿ, ಹೊಗೆ ಮಾಡಿಂದ ಮೇಗೆ. ಆ ಒಲೆಯ ಪಟ ತೆಗದು ಆರೂ ಕಾವ್ಯ ಬರದ್ದವಿಲ್ಲೆ, ಮಣ್ಣಿಂದೊಂದು ಪೆಟ್ಟಿಗೆಯ ಹಾಂಗೆ ಕಾಂಗು. ಅಟ್ಟುಂಬೊಳವ ಪ್ರೀತಿಲಿ ನೋಡಿದವು ಆರು ಹೇಳಿ ಕೇಳಿರೆ ಆನು ಅವರ ಹೆಸರು ಸುರೂವಿಂಗೆ ಹೇಳುವೆ.

ಹಳೆ ಸಾಮಾನು ಇಡ್ಕಿ ಹೇಳ್ತಾ ಇಲ್ಲೆ ಆನು. ಬಿ.ಸಿ.ರೋಡಿನ ಸಂಚಯಗಿರಿಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತು ಸಂಗ್ರಹಾಲಯ ಇದ್ದು, ನವಗೆ ಹತ್ತರೆ. ಊರಿನ ಹಳೆ ಮನೆ ಸಾಮಾನುಗಳ ಅಲ್ಲಿ ಒಟ್ಟು ಮಾಡಿ ಜೋಪಾನಲ್ಲಿ ಮಡಗಿದ್ದವು. ಮಕ್ಕಳ ಕರಕ್ಕೊಂಡು ಹೋಗಿ, ಯಾವದು ಎಂತಕೆ ಹೇಳಿ ನಿಂಗಳೇ ವಿವರುಸಿ. ಅಲ್ಲಿ ಕಡವಕಲ್ಲು ಇದ್ದರೆ ಅದರ ಹತ್ತರೆ ದಿನಾಗಳೂ ಕೂಬಲೆ ಆರೂ ಬೇಕು ಹೇಳಿ ಇಲ್ಲೆ. ಪರಂಪರೆಯ ಮಡಗುಲೆ ಅದು ಸರಿಯಾದ ಜಾಗೆ. ಒಂದು ಸೊಸೆಯ ಸೊಂಟ ಅಲ್ಲ.

ಆ ಮನೆಯ ಸಂಗತಿ ಇನ್ನೂ ಮುಗುದ್ದಿಲ್ಲೆ. ಸೊಸೆ ಸುಮ್ಮನೆ ಕೂಯಿದಿಲ್ಲೆ. ಅದರ ಅತ್ತೆ, ಎಪ್ಪತ್ತಾರು ವರ್ಷದವು, ಚಾವಡಿಲಿ ಒಂದು ಮಾತೂ ಆಡಿತ್ತಿದ್ದವಿಲ್ಲೆ. ಮರದಿನ ಇರುಳು ಉಂಡಾದ ಮೇಲೆ ಮಗನ ಹತ್ತರೆ, “ಎನಗೆ ಕಿಟಿಕಿ ಕೇಳ್ಲೆ ಧೈರ್ಯ ಬಯಿಂದಿಲ್ಲೆ, ಅದಕ್ಕೆ ಬಂತು, ಒಡೆ” ಹೇಳಿದವಡ. ಮಗ ನೋಡುವೊ ಹೇಳಿದ್ದ. ನೋಡುವೊ ಹೇಳ್ತ ಮಾತಿನ ಅರ್ಥ ನವಗೆಲ್ಲ ಗೊಂತಿದ್ದು, ಹಾಂಗಾಗಿ ನೆಂಟ್ರ ಪೈಕಿ ಆ ಹೊಡೆಂಗೆ ಹೋಪವು ಆಸರಿಂಗೆ ಕುಡುದು ಬಪ್ಪ ಮೊದಲು ಕಿಟಿಕಿ ಎಂತಾತು ಹೇಳಿ ಒಂದರಿ ಗಟ್ಟಿಗೆ ಕೇಳಿ. ಗೋಡೆ ಮಣ್ಣಿಂದು, ಹಾಂಗಾಗಿ ಪತ್ತನಾಜೆಗೆ ಮೊದಲು ಒಡದು, ದಾರಂದ ನಿಲ್ಸಿ ಆಯೆಕ್ಕು. ಮಳೆ ಹಿಡುದ ಮೇಲೆ ಮುಟ್ಟುಲೆಡಿಯ. ಮತ್ತೆ ಕಟ್ಟೆಯ ಎತ್ತರ. ಮೇಸ್ತ್ರಿಯ ಅಂದಾಜಿಂಗೆ ಬಿಡೆಡಿ. ಸೊಸೆಯ ನಿಲ್ಸಿ, ಕೈ ಮಡುಸಿ, ಮೊಣಕೈಂದ ನಾಲ್ಕು ಬೆರಳು ಕೆಳ ಗೋಡೆಲಿ ಮಸಿಲಿ ಒಂದು ಗೆರೆ ಹಾಕಿ ಅಲ್ಲಿಗೆ ಕಟ್ಟುಸಿ. ಮಸಿ ಹೇಂಗೂ ಬೇಕಾದಷ್ಟು ಇದ್ದು ಅಲ್ಲಿ.